760ರ ಮೇಲೊಂದು ನೇಲ್‌ಪಾಲಿಶ್ ಚುಕ್ಕೆ

ಏಪ್ರಿಲ್ ಕೊನೆಯ ಶನಿವಾರ ಪಕ್ಕದ ಮನೆಯ ಯಜಮಾನರು ಟವೆಲಿನಲ್ಲಿ ಸುತ್ತಿದ ಏನನ್ನೋ ಎದೆಗವಚಿಕೊಂಡು ನಮ್ಮ ಗರಾಜಿನ ಬಾಗಿಲಿಗೆ ಬಂದರು. ನಾಯಿಮರಿ ಇರಬೇಕು ಅಂದುಕೊಂಡೆ. ಬಿಚ್ಚಿದರೆ ಕಂದು ಬೇಕಲೈಟಿನ ವಾಲ್ವು ರೇಡಿಯೋ. ಒಂದು ಮೂಲೆ ಸೀಳಿದೆ, ಹಿಂದಿನ ರಟ್ಟು ಅರ್ಧ ಇಲ್ಲ, ವೈರು ಒಣಗಿದ ನುಗ್ಗೇಕಾಯಿಯ ಹಾಗೆ ಬಗ್ಗಿಸಿದಲ್ಲೆಲ್ಲ ಲಟಕ್ಕೆನ್ನುತ್ತಿದೆ.

"ನೀನು ಇಂಥವನ್ನೆಲ್ಲ ಬಿಚ್ಚುತ್ತೀಯ ಅಂತ ನಿಮ್ಮ ಮನೆಯವರು ಹೇಳಿದರು. ಇದು ನಮ್ಮಮ್ಮನ ಅಡುಗೆಮನೆಯದು. ಟೈಗರ್ಸ್ ಆಟ ಕೇಳುತ್ತಿದ್ದದ್ದು ಇದರಲ್ಲೇ."

"ಪ್ಲಗ್ ಹಾಕಿ ನೋಡಿಲ್ಲ ತಾನೆ?"

"ಹಾಕಿದೆ. ಏನೂ ಆಗಲಿಲ್ಲ."

ಏನೂ ಆಗಲಿಲ್ಲವಲ್ಲ, ಪುಣ್ಯ ಎಂದುಕೊಂಡು ಒಳಗಿಟ್ಟುಕೊಂಡೆ.

ನಾವಿರುವುದು ಮಿಷಿಗನ್‌ನ ಇಪ್ಸಿಲ್ಯಾಂಟಿಯಲ್ಲಿ, ಡೆಟ್ರಾಯಿಟ್‌ಗೆ ಸುಮಾರು 50 ಕಿಲೋಮೀಟರ್ ಪಶ್ಚಿಮಕ್ಕೆ. ಯಜಮಾನರು ಹುಟ್ಟಿ ಬೆಳೆದದ್ದೂ ಇಲ್ಲೇ, ಈಗ ಅರವತ್ತೆಂಟು. ನಾನು ತಿಪಟೂರಿನವನು. ಟೈಗರ್ಸ್ ಅಂದರೆ ಡೆಟ್ರಾಯಿಟ್‌ನ ಬೇಸ್‌ಬಾಲ್ ತಂಡ. ಬೇಸ್‌ಬಾಲ್ ನನಗೆ ಇವತ್ತಿಗೂ ಅರ್ಧಂಬರ್ಧ. ಆದರೆ ಆಟವನ್ನು ಕಣ್ಣಿಗಿಂತ ಮೊದಲು ಕಿವಿಯಿಂದ ಕಲಿಯುವುದು ಹೇಗೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಜಾತಿಯ ರೇಡಿಯೋಗೆ ಇಲ್ಲಿ ‘ಆಲ್ ಅಮೆರಿಕನ್ ಫೈವ್’ ಅನ್ನುತ್ತಾರೆ. ಐದೇ ವಾಲ್ವು: 12ಎಸ್‌ಎ7, 12ಎಸ್‌ಕೆ7, 12ಎಸ್‌ಕ್ಯೂ7, 50ಎಲ್6, 35ಝಡ್5. ಮೊದಲೆರಡು ಅಂಕೆ ಆಯಾ ವಾಲ್ವಿನ ಹೀಟರಿಗೆ, ಅಂದರೆ ವಾಲ್ವನ್ನು ಒಳಗಿಂದ ಕಾಯಿಸುವ ತಂತಿಗೆ, ಬೇಕಾದ ವೋಲ್ಟೇಜು. ಮೂರು ಹನ್ನೆರಡೂವರೆ ಚಿಲ್ಲರೆ, ಒಂದು ಐವತ್ತು, ಒಂದು ಮೂವತ್ತೈದು, ಕೂಡಿದರೆ 123ರ ಆಸುಪಾಸು. ಇಲ್ಲಿಯ ಗೋಡೆಯಲ್ಲಿ ಬರುವುದು 120. ಅಂದರೆ ಟ್ರಾನ್ಸ್‌ಫಾರ್ಮರೇ ಬೇಡ, ಐದನ್ನೂ ಸಾಲಾಗಿ ಪೋಣಿಸಿ ನೇರ ಲೈನಿಗೆ ಕೊಟ್ಟರಾಯಿತು. ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟು ನೋಡಿದವರಿಗೆ ಮುಂದಿನದು ಗೊತ್ತೇ ಇದೆ: ಒಂದು ಹೋದರೆ ಎಲ್ಲ ಕತ್ತಲು.

ದುಡ್ಡು ಉಳಿಸಲು ಮಾಡಿದ ಈ ಜಾಣತನಕ್ಕೆ ಇನ್ನೊಂದು ಮುಖವಿದೆ. ಟ್ರಾನ್ಸ್‌ಫಾರ್ಮರ್ ಇಲ್ಲವಾದ್ದರಿಂದ ಗೋಡೆಯ ಕರೆಂಟು ಸೀದಾ ಷಾಸಿಗೇ, ಅಂದರೆ ಎಲ್ಲವನ್ನೂ ಕೂರಿಸಿದ ತಗಡಿಗೇ, ಬಂದು ಕೂತಿರಬಹುದು. ಪ್ಲಗ್ಗನ್ನು ಒಂದು ಕಡೆಯಿಂದ ಚುಚ್ಚಿದರೆ ತಗಡು ತಣ್ಣಗಿರುತ್ತದೆ, ತಿರುಗಿಸಿ ಚುಚ್ಚಿದರೆ ಅದೇ ತಗಡು ಹೊಡೆಯುತ್ತದೆ. ಬೇಕಲೈಟಿನ ಡಬ್ಬಿ, ಪ್ಲಾಸ್ಟಿಕ್ಕಿನ ತಿರುಪು ಎಲ್ಲ ಇದ್ದದ್ದು ಚೆಂದಕ್ಕಲ್ಲ, ಜೀವಕ್ಕೆ. ಒಂದು ತಿರುಪು ಕಳಚಿ ಒಳಗಿನ ಲೋಹದ ಕಡ್ಡಿ ಹೊರಗೆ ಕಂಡರೆ ಮುಟ್ಟಬೇಡಿ. ನಾನು ಈ ಕೆಲಸವನ್ನೆಲ್ಲ ಗೋಡೆಯ ಲೈನಿನ ನೇರ ನಂಟು ತಪ್ಪಿಸುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡೇ ಮಾಡಿದ್ದು. ಅದು ಇಲ್ಲದವರು ಈ ರೇಡಿಯೋಗಳನ್ನು ಶೋಕೇಸಿನಲ್ಲಿಟ್ಟು ನೋಡಿ ಸಂತೋಷಪಡುವುದು ಒಳ್ಳೆಯದು.

ಮೊದಲ ದಿನ ಬರೀ ಮೀಟರಿನ ಕೆಲಸ. ಪ್ಲಗ್ಗಿನ ಎರಡು ಕಾಲಿಗೆ ಹಿಡಿದರೆ ಮೀಟರು ಮೌನ, ಸಾಲು ಎಲ್ಲೋ ತುಂಡಾಗಿದೆ. ವಾಲ್ವುಗಳನ್ನು ಒಂದೊಂದಾಗಿ ಕಿತ್ತು ನೋಡಿದೆ. ನಾಲ್ಕು ಸರಿ. 35ಝಡ್5, ಅಂದರೆ ಎಸಿಯನ್ನು ಡಿಸಿ ಮಾಡುವ ವಾಲ್ವು, ಸತ್ತಿತ್ತು. ಯಾಕೆ ಸತ್ತಿತು ಅನ್ನುವುದು ಈ ರಿಪೇರಿಯಲ್ಲಿ ನನಗೆ ಅತಿ ಇಷ್ಟವಾದ ಭಾಗ. ಈ ವಾಲ್ವಿನ ಹೀಟರಿನ ಮಧ್ಯೆ ಒಂದು ಕಡೆಯಿಂದ ತಂತಿ ಹೊರಗೆ ಬಂದಿರುತ್ತದೆ. ಡಯಲಿನ ಪುಟ್ಟ ಬಲ್ಬು ಉರಿಯುವುದು ಆ ತುಣುಕಿನ ಆಸರೆಯಲ್ಲಿ. ಬಲ್ಬು ಇರುವ ತನಕ ಹರಿಯುವ ಕರೆಂಟನ್ನು ಅದೂ ಇದೂ ಹಂಚಿಕೊಳ್ಳುತ್ತವೆ. ಬಲ್ಬು ಸುಟ್ಟಿತೋ, ಪೂರ್ತಿ ಹೊರೆ ಆ ತುಣುಕು ಹೀಟರಿನ ಮೇಲೆ. ಒಂದಷ್ಟು ಕಾಲ ತಡೆದುಕೊಂಡು ಅದೂ ಹೋಗುತ್ತದೆ. ಹೋಲ್ಡರಿನಿಂದ ಬಲ್ಬು ತೆಗೆದು ಬೆಳಕಿಗೆ ಹಿಡಿದೆ. ಒಳಗೆ ಕಪ್ಪು ಮಸಿ, ತಂತಿ ಇಲ್ಲ. ಮೀಟರು ಹಿಡಿದರೆ ಹೀಟರು ತುಂಡಾಗಿದ್ದೂ ಸರಿಯಾಗಿ ಆ ತುಣುಕಿನಲ್ಲೇ.

ಇದನ್ನು ಹೇಳಿದಾಗ ಯಜಮಾನರು ತಲೆ ಕೆರೆದುಕೊಂಡರು. "ಡಯಲಿನ ದೀಪ ಹೋದದ್ದು ನೆನಪಿದೆ. ದೀಪ ತಾನೆ, ಹಾಡು ಬರುತ್ತಲ್ಲ ಅಂತ ಅಮ್ಮ ಹಾಗೇ ಬಿಟ್ಟರು." ಕೆಲವು ಸೆಂಟಿನ ಬಲ್ಬು.

ಹಳೇ ಸ್ಟಾಕಿನ 35ಝಡ್5 ಒಂದನ್ನು ತರಿಸಿದೆ, ಜೊತೆಗೆ 47 ನಂಬರಿನ ಬಲ್ಬು ನಾಲ್ಕು. ಅದು ಬರುವ ತನಕ ಕೆಪಾಸಿಟರುಗಳ ಕೆಲಸ. ಆ ಕಾಲದ ಕೆಪಾಸಿಟರೆಂದರೆ ಕಾಗದ ಸುತ್ತಿ ಮೇಣದಲ್ಲಿ ಅದ್ದಿದ್ದು. ಎಪ್ಪತ್ತು ವರ್ಷದಲ್ಲಿ ಮೇಣ ಒಡೆದು ಕಾಗದ ತೇವ ಕುಡಿದಿರುತ್ತದೆ. ಒಂದೂ ಬಿಡದೆ ಬದಲಿಸಬೇಕು, ಇದರಲ್ಲಿ ಚೌಕಾಶಿ ಇಲ್ಲ. ಸಾಲ್ಡರಿಂಗ್ ಐರನ್ ತಾಗಿದ ತಕ್ಷಣ ಮೇಣ ಕರಗಿ ಒಂದು ವಾಸನೆ ಎದ್ದಿತು. ತಿಪಟೂರಿನ ಬಸ್‌ಸ್ಟ್ಯಾಂಡಿನ ಹಿಂದೆ ರೇಡಿಯೋ ರಿಪೇರಿ ಅಂಗಡಿಯೊಂದಿತ್ತು. ಶಾಲೆ ಬಿಟ್ಟವನು ಅಲ್ಲಿ ಸ್ಟೂಲ್ ಹಾಕಿಕೊಂಡು ಕೂತಿರುತ್ತಿದ್ದೆ. ಮಾಲೀಕರು ಮಾತಾಡಿಸುತ್ತಿರಲಿಲ್ಲ, ಓಡಿಸುತ್ತಲೂ ಇರಲಿಲ್ಲ. ರಾಳದ ಹೊಗೆ, ಮೇಣ, ಅವರ ಬೀಡಿ, ಮೂರೂ ಸೇರಿದ ವಾಸನೆ ಅದು. ಬೀಡಿಯೊಂದು ಬಿಟ್ಟು ಮಿಕ್ಕದ್ದೆಲ್ಲ ಇಪ್ಸಿಲ್ಯಾಂಟಿಯ ಗರಾಜಿನಲ್ಲಿ ಹಾಜರಾಗಿತ್ತು.

ಎಲ್ಲ ಕೆಪಾಸಿಟರುಗಳ ಕಥೆ ಬೇಡ, ಒಂದರದ್ದು ಹೇಳುತ್ತೇನೆ. 12ಎಸ್‌ಕ್ಯೂ7ರಿಂದ, ಸ್ಪೀಕರನ್ನು ನಡೆಸುವ 50ಎಲ್6ರ ಗ್ರಿಡ್ಡಿಗೆ (ವಾಲ್ವಿನ ಕರೆಂಟನ್ನು ಹತೋಟಿಯಲ್ಲಿಡುವ ಜಾಲರಿಗೆ) ದನಿಯನ್ನು ದಾಟಿಸುವ 0.01 ಮೈಕ್ರೋಫ್ಯಾರಡಿನದು. ಅದರ ಕೆಲಸ ದನಿಯನ್ನು ಬಿಟ್ಟು ಡಿಸಿಯನ್ನು ತಡೆಯುವುದು, ಹೊಸಿಲ ಮೇಲೆ ಕೂತ ಅಜ್ಜಿಯ ಹಾಗೆ. ಅದು ಸೋರತೊಡಗಿದರೆ ಗ್ರಿಡ್ಡು ಪಾಸಿಟಿವ್ ಆಗಿ 50ಎಲ್6 ಲಂಗುಲಗಾಮಿಲ್ಲದೆ ಕರೆಂಟು ಎಳೆಯುತ್ತದೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಸುಟ್ಟುಕೊಂಡು ಹೋಗುತ್ತದೆ. ತೆಗೆದ ಮೇಲೆ ಕುತೂಹಲಕ್ಕೆ 100 ವೋಲ್ಟು ಕೊಟ್ಟು ನೋಡಿದೆ. ಸೋರಿಕೆ ಅಲ್ಲ ಅದು, ಕೋಡಿ ಬಿದ್ದಿತ್ತು. ಒಂದು ಲೆಕ್ಕದಲ್ಲಿ ಆ ಬಲ್ಬು ಸುಟ್ಟು ರೇಡಿಯೋ ಸತ್ತದ್ದೇ ಒಳ್ಳೆಯದಾಯಿತು.

ಡಿಸಿಯ ಏರಿಳಿತ ತಗ್ಗಿಸುವ ಫಿಲ್ಟರಿಗೆ 33 ಮತ್ತು 47 ಮೈಕ್ರೋಫ್ಯಾರಡ್, 160 ವೋಲ್ಟಿನ ಕೆಪಾಸಿಟರುಗಳು. ಗುಂಯ್ ಶಬ್ದ ಪೂರ್ತಿ ಹೋಗಲಿ ಎಂದು ಕೆಲವರು ಇಲ್ಲಿ 100, 200 ಹಾಕುತ್ತಾರೆ. ಹಾಕಬಾರದು. ಅಷ್ಟು ದೊಡ್ಡದನ್ನು ತುಂಬಿಸುವ ಹೊರೆ ಬೀಳುವುದು ಮತ್ತದೇ ಬಡಪಾಯಿ 35ಝಡ್5ರ ಮೇಲೆ. ಲೈನಿಗೆ ಅಡ್ಡ ಕೂರುವ ಜಾಗಕ್ಕೆ ಎಕ್ಸ್ ದರ್ಜೆಯದು, ಷಾಸಿಗೆ ಹೋಗುವ ಜಾಗಕ್ಕೆ ವೈ ದರ್ಜೆಯದು. ಮೇನ್ಸಿಗೆಂದೇ ಮಾಡಿದವು ಇವು, ಬೇರೆ ಹಾಕಬೇಡಿ. ಹೊಸ ವೈರಿಗೆ ಒಂದು ಕಾಲು ಅಗಲವಿರುವ ಪ್ಲಗ್, ಲೈನಿನಲ್ಲಿ ಫ್ಯೂಸ್, ಫ್ಯೂಸಾದ ಮೇಲೆ ಸ್ವಿಚ್. ಮೊದಲು ಸ್ವಿಚ್ಚು ಇದ್ದದ್ದು ಇನ್ನೊಂದು ತಂತಿಯಲ್ಲಿ. ಆರಿಸಿದ್ದೇವೆ ಅಂದುಕೊಂಡಾಗಲೂ ಹೀಟರುಗಳ ಮೂಲಕ ಷಾಸಿಗೆ ಕರೆಂಟು ಬರುವ ಏರ್ಪಾಡು! ಆ ಅಡುಗೆಮನೆಯಲ್ಲಿ ಸಿಂಕಿನ ಪಕ್ಕದಲ್ಲೇ ಇದು ಇಷ್ಟು ವರ್ಷ ಕೂತಿತ್ತಂತೆ.

ಸ್ಪೀಕರಿನ ಕಾಗದ ಒಂದು ಕಡೆ ಹರಿದಿತ್ತು. ಕಾಫಿ ಸೋಸುವ ಕಾಗದದ ಚೂರು, ನೀರು ಬೆರೆಸಿದ ಬಿಳಿ ಗೋಂದು, ಒಂದು ರಾತ್ರಿ. ಆಯಿತು.

ಇಷ್ಟೆಲ್ಲ ಸುಸೂತ್ರ ನಡೆದದ್ದರಿಂದ ನನಗೆ ಸ್ವಲ್ಪ ಸೊಕ್ಕು ಬಂದಿರಬೇಕು. ಡಯಲಿನ ಗಾಜು ಒರೆಸಲು ಕೂತೆ. ಗಾಜಿನ ಮೇಲೆ 55ರಿಂದ 160ರ ತನಕ ಅಂಕೆಗಳು, ಒಂದೊಂದಕ್ಕೂ ಸೊನ್ನೆ ಸೇರಿಸಿ ಓದಿಕೊಳ್ಳಬೇಕು. ಎಪ್ಪತ್ತರ ಆಚೆ ಒಂದು ಕೆಂಪು ಕಲೆ. ಜಿಡ್ಡಿಗೆ ಅಂಟಿದ ಯಾವುದೋ ಸಾಸು ಅಂದುಕೊಂಡು ಉಗುರಿನಿಂದ ಕೆರೆದೆ. ಅರ್ಧ ಎದ್ದು ಬಂದ ಮೇಲೆ ಗೊತ್ತಾಯಿತು, ಅದು ನೇಲ್‌ಪಾಲಿಶ್. ಯಾರೋ ಕಡ್ಡಿಯ ತುದಿಯಿಂದ ಜೋಪಾನವಾಗಿ ಇಟ್ಟ ಚುಕ್ಕೆ.

ಹೋಗಿ ಒಪ್ಪಿಸಿಕೊಂಡೆ. ಯಜಮಾನರು ಗಾಜನ್ನು ಕನ್ನಡಕದ ಹತ್ತಿರ ಹಿಡಿದು ನೋಡಿ ನಕ್ಕರು. "ಡಬ್ಲ್ಯುಜೆಆರ್. ಅಮ್ಮ ಇಟ್ಟದ್ದು. ನಾನು ಬೇರೆ ಸ್ಟೇಷನ್ ತಿರುಗಿಸಿಟ್ಟರೆ ವಾಪಸ್ ತರಲಿಕ್ಕೆ. ಅರ್ಧ ಇದೆಯಲ್ಲ, ಸಾಕು ಬಿಡು."

ಡಬ್ಲ್ಯುಜೆಆರ್ ಅಂದರೆ ಡೆಟ್ರಾಯಿಟ್‌ನ 760 ಕಿಲೋಹರ್ಟ್ಸ್, 50 ಕಿಲೋವಾಟಿನ ಸ್ಟೇಷನ್. ಟೈಗರ್ಸ್ ಪಂದ್ಯಗಳು 1964ರಿಂದ 2000ದ ತನಕ ಬಂದದ್ದು ಅದರಲ್ಲೇ. ಕಾಮೆಂಟರಿ ಅರ್ನೀ ಹಾರ್ವೆಲ್ ಅವರದು. ಜಾರ್ಜಿಯಾ ಕಡೆಯವರು, ದಕ್ಷಿಣದ ಆ ರಾಗ ಎಳೆಯುವ ಇಂಗ್ಲಿಷು. 1960ರಲ್ಲಿ ಡೆಟ್ರಾಯಿಟ್‌ಗೆ ಬಂದವರು ನಡುವೆ 1992ರ ಒಂದು ವರ್ಷ ಬಿಟ್ಟು 2002ರ ತನಕ ಟೈಗರ್ಸ್‌ಗೆ ದನಿಯಾಗಿದ್ದರು. ಅದಕ್ಕೂ ಹಿಂದೆ, 1948ರಲ್ಲಿ, ಬ್ರೂಕ್ಲಿನ್ ತಂಡಕ್ಕೆ ಕಾಮೆಂಟೇಟರ್ ಬೇಕಾದಾಗ ಅಟ್ಲಾಂಟಾದವರು ಇವರನ್ನು ಬಿಟ್ಟುಕೊಟ್ಟು ಬದಲಿಗೆ ಕ್ಲಿಫ್ ಡ್ಯಾಪರ್ ಎಂಬ ಕ್ಯಾಚರನ್ನು, ನಮ್ಮ ವಿಕೆಟ್‌ಕೀಪರಿನ ಹಾಗೆ ಬ್ಯಾಟುಗಾರನ ಹಿಂದೆ ಕೂರುವ ಆಟಗಾರನನ್ನು, ಪಡೆದಿದ್ದರು. ಕಾಮೆಂಟೇಟರನ್ನು ಕೊಟ್ಟು ಕ್ಯಾಚರನ್ನು ಕೊಳ್ಳುವುದು!

ಹಾರ್ವೆಲ್ ಅವರದೊಂದು ಚಾಳಿ ಯಜಮಾನರು ಹೇಳಿದ್ದು. ಬ್ಯಾಟಿಗೆ ತಾಗಿ ಗೆರೆಯಾಚೆ ಹೋದ ಚೆಂಡನ್ನು ಪ್ರೇಕ್ಷಕರಲ್ಲಿ ಯಾರಾದರೂ ಹಿಡಿದರೆ, ಹಿಡಿದವರು ಇಂಥ ಊರಿನವರು ಎಂದು ಹೇಳಿಬಿಡುತ್ತಿದ್ದರು. ಒಮ್ಮೆ ಸ್ಯಾಗಿನಾ, ಒಮ್ಮೆ ಇಪ್ಸಿಲ್ಯಾಂಟಿ, ಬಾಯಿಗೆ ಬಂದ ಮಿಷಿಗನ್ನಿನ ಊರು. "ಅಷ್ಟು ಜನರಲ್ಲಿ ಇವರಿಗೆ ಎಲ್ಲರ ಊರೂ ಹೇಗೆ ಗೊತ್ತು ಅಂತ ನನಗೆ ಹತ್ತು ವರ್ಷದ ತನಕ ಆಶ್ಚರ್ಯ. ನಮ್ಮೂರಿನ ಹೆಸರು ಬಂದ ದಿನ, ಯಾರು ಹೋಗಿದ್ದಿರಬಹುದು ಅಂತ ಬೀದಿಯಲ್ಲಿ ವಿಚಾರಿಸಿದ್ದೆ."

ನನಗೆ ನಗು ತಡೆಯಲಾಗಲಿಲ್ಲ. ವಿವಿಧ ಭಾರತಿಯಲ್ಲಿ ಹಾಡು ಬೇಕೆಂದು ಬರೆದವರ ಹೆಸರು ಓದುವಾಗ ದಿನಾ ಬರುತ್ತಿದ್ದ ಝುಮರಿ ತಲೈಯಾ ನೆನಪಾಯಿತು. ಆ ಊರು ಎಲ್ಲಿದೆಯೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ, ಆದರೆ ತಿಪಟೂರಿಗಿಂತ ಅದೇ ಹೆಚ್ಚು ಪರಿಚಿತ. ನಾನು ಕಾರ್ಡು ಬರೆದು ಬರೆದು ಸೋತೆ, ತಿಪಟೂರು ಬರಲೇ ಇಲ್ಲ.

ಇನ್ನು ಡಯಲಿನ ದಾರ. ವಾಲ್ವು ರೇಡಿಯೋ ರಿಪೇರಿ ಮಾಡುವವರನ್ನು ದೇವರು ಪರೀಕ್ಷಿಸುವುದು ಇಲ್ಲೇ. ತಿರುಪಿನ ಕಡ್ಡಿಗೆ ಎರಡೂವರೆ ಸುತ್ತು, ಅಲ್ಲಿಂದ ಒಂದು ಪುಲ್ಲಿ, ಇನ್ನೊಂದು ಪುಲ್ಲಿ, ಮುಳ್ಳಿನ ಬೆನ್ನು, ಆಮೇಲೆ ಟ್ಯೂನಿಂಗ್ ಕೆಪಾಸಿಟರಿನ ದೊಡ್ಡ ಗಾಲಿ, ಅದರೊಳಗೆ ಬಿಗಿ ಹಿಡಿಯುವ ಸ್ಪ್ರಿಂಗು. ಎರಡು ಕೈ ಸಾಲದು, ಮೂರನೆಯದಾಗಿ ಹಲ್ಲು ಬೇಕು. ಮೊದಲ ಸಲ ಸ್ಪ್ರಿಂಗು ಹಾರಿ ವಾಷಿಂಗ್ ಮೆಷೀನಿನ ಕೆಳಗೆ ಹೋಯಿತು. ಎರಡನೆಯ ಸಲ ಎಲ್ಲ ಸರಿ ಕೂತಿತು, ತಿರುಪನ್ನು ಬಲಕ್ಕೆ ತಿರುಗಿಸಿದರೆ ಮುಳ್ಳು ಎಡಕ್ಕೆ ಓಡಿತು. ಸುತ್ತು ಉಲ್ಟಾ ಹಾಕಿದ್ದೆ. ಮೂರನೆಯ ಸಲ ದಿಕ್ಕು ಸರಿ, ಆದರೆ ನಾನು ಉಪಯೋಗಿಸಿದ ಮೀನಿನ ಗಾಳದ ದಾರ ನುಣುಪಾಗಿ ಕಡ್ಡಿಯ ಮೇಲೆ ಜಾರುತ್ತಿತ್ತು. ಆಗ ಹೊಳೆಯಿತು. ಮಗಳು ಕ್ಯಾಂಟನ್‌ನಲ್ಲಿ ಕರ್ನಾಟಕ ಸಂಗೀತದ ಪಿಟೀಲು ಕಲಿಯುತ್ತಾಳೆ. ಅವಳ ಪೆಟ್ಟಿಗೆಯಿಂದ ರಾಳದ ಉಂಡೆ ಕದ್ದು ತಂದು, ಕಮಾನಿಗೆ ಹಚ್ಚುವ ಹಾಗೆ ದಾರಕ್ಕೆ ಎರಡು ಸಲ ಎಳೆದೆ. ನಾಲ್ಕನೆಯ ಸಲಕ್ಕೆ ಮುಳ್ಳು ಹೇಳಿದ ಮಾತು ಕೇಳಿತು. ರಾಳ ಕದ್ದದ್ದು ಮಗಳಿಗೆ ಮರುದಿನವೇ ತಿಳಿದು, ನನ್ನ ಮಾನ ಹೋಯಿತು.

ಮುಳ್ಳನ್ನು ದಾರಕ್ಕೆ ಎಲ್ಲಿ ಸಿಕ್ಕಿಸಬೇಕು? ಪುಸ್ತಕದ ಪ್ರಕಾರ ಕೆಪಾಸಿಟರ್ ಪೂರ್ತಿ ಮುಚ್ಚಿದಾಗ ಡಯಲಿನ ಎಡ ತುದಿಯ ಗುರುತಿಗೆ. ನಾನು ಪುಸ್ತಕವನ್ನು ಪಕ್ಕಕ್ಕಿಟ್ಟೆ. ಸಿಗ್ನಲ್ ಜನರೇಟರಿನಲ್ಲಿ 760 ಕೊಟ್ಟು, ಅದು ಸ್ಪಷ್ಟ ಕೇಳುವ ಜಾಗದಲ್ಲಿ ಮುಳ್ಳನ್ನು ಉಳಿದರ್ಧ ಚುಕ್ಕೆಯ ಮೇಲೆ ನಿಲ್ಲಿಸಿ ಅಂಟಿಸಿದೆ. ಮೇಲಿನ ತುದಿಯಲ್ಲಿ ಅಂಕೆಗಳು ಒಂದು ಕೂದಲು ಆಚೀಚೆ ಆದವು. ಆಗಲಿ.

ಕ್ರಮ ತಪ್ಪಿಸಿ ಬರೆಯುತ್ತಿದ್ದೇನೆ. ಜನರೇಟರ್ ಕೊಡುವ ಮೊದಲು ಕರೆಂಟು ಕೊಟ್ಟಿರಬೇಕಲ್ಲ. ಯಜಮಾನರು ತಾನೂ ಇರಬೇಕೆಂದು ಹೇಳಿದ್ದರು, ಕುರ್ಚಿ ಹಾಕಿದೆ. ನಮ್ಮೂರ ಅಂಗಡಿಗಳ ಸೀರೀಸ್ ಬೋರ್ಡಿನ ಹಾಗೆ ಒಂದು 60 ವಾಟಿನ ಹಳೇ ಬಲ್ಬನ್ನು ಸಾಲಿನಲ್ಲಿ ಸೇರಿಸಿ ಸ್ವಿಚ್ ಒತ್ತಿದೆ. ಒಳಗೆ ಶಾರ್ಟ್ ಇದ್ದರೆ ಬಲ್ಬು ಝಗ್ಗನೆ ಉರಿದು ಹಾಗೇ ನಿಲ್ಲುತ್ತದೆ. ಇದು ಉರಿದು ಮಂದವಾಯಿತು. ಬಲ್ಬು ತೆಗೆದು ಪೂರ್ತಿ ವೋಲ್ಟೇಜು ಕೊಟ್ಟೆ. ಡಯಲು ಅರಿಶಿನ ಬಣ್ಣಕ್ಕೆ ಬೆಳಗಿತು. ವಾಲ್ವುಗಳ ಕೊರಳಲ್ಲಿ ಕೆಂಡ. ಇಪ್ಪತ್ತು ಸೆಕೆಂಡು, ಮೂವತ್ತು ಸೆಕೆಂಡು. ಸಣ್ಣಗೆ ಗುಂಯ್. ಆಮೇಲೆ ಯಾರೋ ಆಸ್ತಿ ತೆರಿಗೆಯ ಬಗ್ಗೆ ಜಗಳವಾಡುವ ದನಿ. ಡಬ್ಲ್ಯುಜೆಆರ್.

ಯಜಮಾನರು ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ, "ಬಿಸಿಯಾದ ಧೂಳಿನ ವಾಸನೆ, ಅದು ಹಾಗೇ ಇದೆ" ಅಂದರು.

ಮಧ್ಯೆ ಮಧ್ಯೆ ದನಿ ಕಟ್ಟಾಗುತ್ತಿತ್ತು. ಪೆನ್ಸಿಲಿನ ಹಿಂಭಾಗದಿಂದ ವಾಲ್ವುಗಳನ್ನು ಒಂದೊಂದಾಗಿ ತಟ್ಟುತ್ತ ಬಂದೆ. 12ಎಸ್‌ಎ7ಕ್ಕೆ ತಟ್ಟಿದಾಗ ಸ್ಪೀಕರಿನಿಂದ ದೊಡ್ಡದಾಗಿ ‘ಠೊಕ್’ ಎಂದಿತು. "ಎಡಕ್ಕೆ ಹೋಯಿತು ನೋಡು, ಡಬಲ್!" ಯಜಮಾನರು ಕುರ್ಚಿಯಿಂದ ಕೂಗಿದರು. ಬ್ಯಾಟಿಗೆ ಚೆಂಡು ಬಡಿದ ಸದ್ದು ಥೇಟ್ ಹಾಗೇ. ಸಾಕೆಟ್ಟಿನ ಹಲ್ಲು ಸಡಿಲವಾಗಿತ್ತು, ಬಿಗಿ ಮಾಡಿದೆ, ಹೋಯಿತು. ಆದರೆ ಈ ಪೆನ್ಸಿಲಿನಿಂದ ಅವರಿಗೊಂದು ಕಥೆ ನೆನಪಾಯಿತು.

ಬೇಸ್‌ಬಾಲ್ ಪಂದ್ಯ ಮೊದಲು ರೇಡಿಯೋದಲ್ಲಿ ಬಂದದ್ದು 1921ರ ಆಗಸ್ಟ್ 5ರಂದು, ಪಿಟ್ಸ್‌ಬರ್ಗಿನ ಕೆಡಿಕೆಎ ಸ್ಟೇಷನ್ನಿನಿಂದ. ಹೆರಾಲ್ಡ್ ಆರ್ಲಿನ್ ಎಂಬವರು ಫೋರ್ಬ್ಸ್ ಫೀಲ್ಡಿನಲ್ಲಿ ಕೂತು ಹೇಳಿದ್ದು. ಆದರೆ ಆಮೇಲೂ ಎಷ್ಟೋ ವರ್ಷ ಪರ ಊರಿನ ಪಂದ್ಯಗಳಿಗೆ ಕಾಮೆಂಟೇಟರನ್ನು ಕಳಿಸುವುದು ದುಬಾರಿ. ಟೆಲಿಗ್ರಾಫಿನಲ್ಲಿ ಒಂದೊಂದು ಸಾಲು ಬರುತ್ತಿತ್ತು, ಸ್ಟುಡಿಯೋದಲ್ಲಿ ಕೂತವನು ಅದನ್ನು ನೋಡಿ ಕಣ್ಣಿಗೆ ಕಟ್ಟುವ ಹಾಗೆ ಕಾಮೆಂಟರಿ ಹೊಡೆಯುತ್ತಿದ್ದ. ಬ್ಯಾಟಿನ ಸದ್ದಿಗೆ ಮರದ ತುಂಡು ತಟ್ಟುವುದು, ಜನರ ಗದ್ದಲಕ್ಕೆ ರೆಕಾರ್ಡು. 1930ರ ದಶಕದಲ್ಲಿ ಡೆ ಮಾಯ್ನ್‌ನ ಡಬ್ಲ್ಯುಎಚ್‌ಓ ಸ್ಟೇಷನ್ನಿನಲ್ಲಿ ಷಿಕಾಗೋ ಕಬ್ಸ್ ಪಂದ್ಯಗಳಿಗೆ ಇದೇ ಕೆಲಸ ಮಾಡುತ್ತಿದ್ದವರು ರೊನಾಲ್ಡ್ ರೇಗನ್. ಒಮ್ಮೆ ತಂತಿ ಕೈಕೊಟ್ಟಿತು. ಬಾಯಿ ಮುಚ್ಚಿದರೆ ಕೇಳುಗರು ಬೇರೆ ಸ್ಟೇಷನ್ನಿಗೆ ಓಡುತ್ತಾರೆ. ಅದಕ್ಕೆ ಬ್ಯಾಟುಗಾರ ಫೌಲ್ ಮೇಲೆ ಫೌಲ್, ಅಂದರೆ ಗೆರೆಯಾಚೆ ಹೋಗುವ ಹೊಡೆತ, ಹೊಡೆಯುತ್ತಲೇ ಇದ್ದಾನೆ ಎಂದು ತಂತಿ ಬರುವ ತನಕ ಎಳೆದರಂತೆ. ಫೌಲ್ ಹೊಡೆದರೆ ಲೆಕ್ಕದಲ್ಲಿ ಏನೂ ಏರುಪೇರಾಗುವುದಿಲ್ಲ, ನಾಳಿನ ಪತ್ರಿಕೆಯಲ್ಲಿ ಸಿಕ್ಕಿಬೀಳುವ ಭಯವಿಲ್ಲ. ಈ ಕಥೆಯನ್ನು ರೇಗನ್ ಅಧ್ಯಕ್ಷರಾದ ಮೇಲೂ ಖುಷಿಯಿಂದ ಹೇಳುತ್ತಿದ್ದರು.

455 ಕಿಲೋಹರ್ಟ್ಸಿಗೆ ಐಎಫ್ (ರೇಡಿಯೋದೊಳಗಿನ ಮಧ್ಯಂತರ ಫ್ರೀಕ್ವೆನ್ಸಿ) ಟ್ಯೂನ್ ಮಾಡಿದ್ದು, 1400ರಲ್ಲಿ ಟ್ರಿಮ್ಮರ್ ಸರಿಪಡಿಸಿದ್ದು ಎಲ್ಲ ಅರ್ಧ ಗಂಟೆಯ ಕೆಲಸ. ಕಬ್ಬಿಣದ ಸ್ಕ್ರೂಡ್ರೈವರ್ ಹಾಕಬೇಡಿ, ತೆಗೆದ ತಕ್ಷಣ ಟ್ಯೂನಿಂಗ್ ಮತ್ತೆ ಹಾರುತ್ತದೆ. ನಾನು ಐಸ್‌ಕ್ರೀಮ್ ಕಡ್ಡಿಯನ್ನು ಹೆರೆದು ಮಾಡಿಕೊಂಡೆ.

ಎಲ್ಲ ಮುಗಿಸಿ ಡಬ್ಬಿಗೆ ಕೂರಿಸಿ, ಆ ಸಂಜೆ ಪಂದ್ಯ ಇದೆಯೆಂದು ನೋಡಿಕೊಂಡು, ಮೆರವಣಿಗೆಯ ಹಾಗೆ ಅವರ ಮನೆಗೆ ಒಯ್ದೆ. ಚುಕ್ಕೆಯ ಮೇಲೆ ಮುಳ್ಳು. ಯಾರೋ ಮತ್ತೆ ರಾಜಕೀಯ ಮಾತಾಡುತ್ತಿದ್ದರು. ಕಾದೆ. ಫೋನ್ ತೆಗೆದು ಹುಡುಕಿದೆ. ಟೈಗರ್ಸ್ ಪಂದ್ಯ ಈಗ ಬರುವುದು 97.1 ಎಫ್‌ಎಂನಲ್ಲಿ. ಈ ರೇಡಿಯೋದಲ್ಲಿ ಇರುವುದು ಎಎಂ ಒಂದೇ.

"ನಿಮಗೆ ಗೊತ್ತಿತ್ತೇ?"

"ಗೊತ್ತಿತ್ತು. ನೀನು ಅಷ್ಟು ಉತ್ಸಾಹದಲ್ಲಿ ಮಾಡುತ್ತಿದ್ದೆ, ನಡುವೆ ಹೇಗೆ ಹೇಳಲಿ?"

ನಾನು ಮುಖ ಗಂಟಿಕ್ಕಿ ಕೂತಿದ್ದೆ. ಅವರು ಮೆಲ್ಲಗೆ ತಿರುಪು ತಿರುಗಿಸುತ್ತ ಹೋದರು. ಕತ್ತಲಾಗಿತ್ತು. ಮೀಡಿಯಂ ವೇವಿನ ಸೋಜಿಗವೇ ಅದು. ಹಗಲು ನೆಲ ಹಿಡಿದು ತೆವಳುವ ಅಲೆಗಳು ಸೂರ್ಯ ಮುಳುಗಿದ ಮೇಲೆ ಮೇಲಿನ ವಾಯುಪದರಕ್ಕೆ ಬಡಿದು ನೂರಾರು ಮೈಲಿ ಆಚೆ ಇಳಿಯುತ್ತವೆ. 700ರಲ್ಲಿ ಸಿನ್ಸಿನಾಟಿ. 1100ರಲ್ಲಿ ಕ್ಲೀವ್‌ಲ್ಯಾಂಡ್. 1120ಕ್ಕೆ ಬಂದಾಗ ಜನರ ಗದ್ದಲ ಅಲೆಯಲೆಯಾಗಿ ಏರಿ ಇಳಿಯಿತು, ಕಾಮೆಂಟರಿ, ಒಂದು ‘ಠೊಕ್’. ಸೇಂಟ್ ಲೂಯಿಯ ಕೆಎಂಓಎಕ್ಸ್. ಕಾರ್ಡಿನಲ್ಸ್ ಪಂದ್ಯ.

ಯಜಮಾನರು ತಲೆ ಚಚ್ಚಿಕೊಂಡರು. "ಎಲ್ಲ ಬಿಟ್ಟು ಇವರೇ ಬರಬೇಕಿತ್ತೇ ನನ್ನ ರೇಡಿಯೋಗೆ!"

ಅದಕ್ಕೆ ಕಾರಣ 1968. ಆ ವರ್ಷದ ವರ್ಲ್ಡ್ ಸೀರೀಸ್, ಅಂದರೆ ಬೇಸ್‌ಬಾಲಿನ ಫೈನಲ್ ಸರಣಿ, ಟೈಗರ್ಸ್ ಮತ್ತು ಕಾರ್ಡಿನಲ್ಸ್ ನಡುವೆ. ಮೊದಲ ಪಂದ್ಯದಲ್ಲಿ ಕಾರ್ಡಿನಲ್ಸ್‌ನ ಚೆಂಡೆಸೆಯುವ ಬಾಬ್ ಗಿಬ್ಸನ್ 17 ಸ್ಟ್ರೈಕ್‌ಔಟ್ ಮಾಡಿದ್ದ, ಅಂದರೆ ಬರೀ ಎಸೆತದಿಂದಲೇ ಬ್ಯಾಟುಗಾರರನ್ನು 17 ಸಲ ಔಟ್ ಮಾಡಿದ್ದ. ಏಳನೆಯ ಪಂದ್ಯ ಅಕ್ಟೋಬರ್ 10, ಗುರುವಾರ ಮಧ್ಯಾಹ್ನ, ಸೇಂಟ್ ಲೂಯಿಯಲ್ಲಿ, ಎದುರಿಗೆ ಮತ್ತದೇ ಗಿಬ್ಸನ್. ಯಜಮಾನರಿಗೆ ಆಗ ಹನ್ನೊಂದು ವರ್ಷ, ಹೊಟ್ಟೆನೋವೆಂದು ಶಾಲೆಗೆ ಚಕ್ಕರ್. ಅಮ್ಮ ಇಸ್ತ್ರಿ ಹಾಕುತ್ತಿದ್ದರು, ರೇಡಿಯೋ ಸಿಂಕಿನ ಪಕ್ಕ. ಆರು ಇನ್ನಿಂಗ್ಸ್ ಕಳೆದರೂ ಎರಡೂ ಕಡೆ ಸೊನ್ನೆ. ಏಳನೆಯದರಲ್ಲಿ ಇಬ್ಬರು ಔಟಾದ ಮೇಲೆ, ಇಬ್ಬರು ಓಟಗಾರರು ನಿಂತಿರುವಾಗ, ಜಿಮ್ ನಾರ್ಥ್‌ರಪ್ ಹೊಡೆದ ಚೆಂಡು ನಡುಮೈದಾನದ ಕಡೆಗೆ. ಅಲ್ಲಿದ್ದವನು ಕರ್ಟ್ ಫ್ಲಡ್, ಚೆಂಡು ಬಿಡುವ ಆಸಾಮಿಯೇ ಅಲ್ಲ. ಎರಡು ಹೆಜ್ಜೆ ಮುಂದೆ ಬಂದು, ತಪ್ಪು ತಿಳಿದು, ತಿರುಗುವಾಗ ಕಾಲು ಜಾರಿತು. ಇಬ್ಬರೂ ಓಡಿಬಂದರು. ಕೊನೆಗೆ 4-1. ಎರಡೇ ದಿನದ ವಿಶ್ರಾಂತಿಯಲ್ಲಿ ಚೆಂಡೆಸೆದ ಮಿಕ್ಕಿ ಲೋಲಿಚ್‌ಗೆ ಆ ಸರಣಿಯಲ್ಲಿ ಅದು ಮೂರನೆಯ ಗೆಲುವು.

"ಆ ಜಾರಿದ್ದನ್ನು ಆಮೇಲೆ ಟಿವಿಯಲ್ಲಿ ಎಷ್ಟೋ ಸಲ ತೋರಿಸಿದರು. ನನಗೆ ಅದು ಸುಳ್ಳು ಅನ್ನಿಸುತ್ತದೆ. ನಾನು ಅಡುಗೆಮನೆಯಲ್ಲಿ ಕಂಡ ಮೈದಾನದಲ್ಲಿ ಫ್ಲಡ್ ಬಿದ್ದದ್ದು ಇನ್ನೊಂದು ಕಡೆ, ಎಡಕ್ಕೆ, ಫ್ರಿಜ್ ಇದ್ದ ಕಡೆ."

ಫ್ರಿಜ್ ಇದ್ದ ಕಡೆ ಅಂದದ್ದು ಕೇಳಿ ನನಗೆ ಝುಮ್ಮೆಂದಿತು. 1987ರ ಮಾರ್ಚ್ 17, ಬೆಂಗಳೂರು ಟೆಸ್ಟ್. ಪಾಕಿಸ್ತಾನದ ಎದುರು ಗೆಲ್ಲಲು 221 ಬೇಕು, ಪಿಚ್ಚು ಧೂಳಿನ ಕಣ. ಗಾವಸ್ಕರ್ ಆಡಿದ ಕೊನೆಯ ಟೆಸ್ಟು ಅದು. ನಮ್ಮ ಟ್ರಾನ್ಸಿಸ್ಟರಿನ ಸೆಲ್ಲು ಬಳಲಿತ್ತು. ಅಪ್ಪ ಬೆಳಿಗ್ಗೆಯಿಂದ ಸೆಲ್ಲುಗಳನ್ನು ಕೊಬ್ಬರಿಯ ಜೊತೆ ಅಂಗಳದ ಬಿಸಿಲಿಗೆ ಹಾಕಿ, ಕಾಯಿಸಿ, ಮತ್ತೆ ತುಂಬುತ್ತಿದ್ದರು. ಸ್ವಲ್ಪ ಹೊತ್ತು ಇಂಗ್ಲಿಷು, ಸ್ವಲ್ಪ ಹೊತ್ತು ಹಿಂದಿ. ಹಿಂದಿ ಬಂದಾಗ ಅಪ್ಪ ನನ್ನ ಮುಖ ನೋಡುವುದು, ನಾನು ಅರ್ಧ ತಿಳಿದು ಅರ್ಧ ಹುಟ್ಟಿಸಿ ಹೇಳುವುದು. 96ಕ್ಕೆ ಗಾವಸ್ಕರ್ ಹೋದಾಗ ರೇಡಿಯೋ ಎಷ್ಟು ಸಣ್ಣಗಾಗಿತ್ತೆಂದರೆ ಇಬ್ಬರೂ ಕಿವಿ ಹಚ್ಚಿದ್ದೆವು, ಅಪ್ಪನ ಮೂರು ದಿನದ ಗಡ್ಡ ನನ್ನ ಕೆನ್ನೆಗೆ ಚುಚ್ಚುತ್ತಿತ್ತು. ಕೊನೆಯಲ್ಲಿ ನಮ್ಮ ರೋಜರ್ ಬಿನ್ನಿ ಔಟಾಗಿ 204ಕ್ಕೆ ಮುಗಿಯಿತು. 16 ರನ್ನಿನ ಸೋಲು. ಆಮೇಲೆ ಚಿನ್ನಸ್ವಾಮಿ ಸ್ಟೇಡಿಯಮ್ಮಿಗೆ ಹತ್ತಾರು ಸಲ ಹೋಗಿದ್ದೇನೆ. ನನ್ನ ಮಟ್ಟಿಗೆ ಗಾವಸ್ಕರ್ ಕೊಟ್ಟ ಆ ಸ್ಲಿಪ್ ಕ್ಯಾಚು ಹಿಡಿದ ಜಾಗ ನಮ್ಮನೆಯ ತುಳಸಿಕಟ್ಟೆಯ ಎಡಕ್ಕೆ.

ಎಫ್‌ಎಂ ಪಂದ್ಯವನ್ನು ಎಎಂ ರೇಡಿಯೋಗೆ ತರಲು ದಾರಿಯಿದೆ. ಮನೆಯಲ್ಲೇ ಒಂದು ಪುಟಾಣಿ ಸ್ಟೇಷನ್. ಲೈಸೆನ್ಸಿಲ್ಲದೆ 100 ಮಿಲಿವಾಟ್, 3 ಮೀಟರಿನ ಏರಿಯಲ್ ತನಕ ಇಲ್ಲಿಯ ಪ್ರಸಾರ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಎಫ್‌ಸಿಸಿಯ ನಿಯಮ ಒಪ್ಪುತ್ತದೆ. 1 ಮೆಗಾಹರ್ಟ್ಸಿನ ಅಲೆ ಹುಟ್ಟಿಸುವ ಆಸಿಲೇಟರ್ ಒಂದು, ಹಳೇ ಟ್ರಾನ್ಸಿಸ್ಟರ್ ರೇಡಿಯೋದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಒಂದು. ಆಸಿಲೇಟರಿಗೆ ಹೋಗುವ 5 ವೋಲ್ಟನ್ನು ಟ್ರಾನ್ಸ್‌ಫಾರ್ಮರಿನ ದೊಡ್ಡ ಸುತ್ತಿನ ಮೂಲಕ ಕಳಿಸಿ, ಚಿಕ್ಕ ಸುತ್ತಿಗೆ ಜೇಬಿನ ಎಫ್‌ಎಂ ರೇಡಿಯೋದ ಇಯರ್‌ಫೋನ್ ತಂತಿ. ದನಿ ಏರಿಳಿದ ಹಾಗೆ ಆಸಿಲೇಟರಿನ ವೋಲ್ಟೇಜು ಏರಿಳಿಯುತ್ತದೆ, ಅದೇ ಎಎಂ. ಇಷ್ಟೇ. ಎಫ್‌ಎಂ ರೇಡಿಯೋದ ವಾಲ್ಯೂಮು ಅರ್ಧಕ್ಕಿಂತ ಹೆಚ್ಚಿಟ್ಟರೆ ಕಾಮೆಂಟೇಟರಿಗೆ ಗಂಟಲು ಕಟ್ಟಿದ ಹಾಗೆ ಕೇಳುತ್ತದೆ. ಬೆಂಕಿಪೊಟ್ಟಣದಷ್ಟು ಬೋರ್ಡು, ಫ್ರಿಜ್ಜಿನ ಹಿಂದೆ ಅಂಟಿಸಿದೆ. ಡಯಲಿನ 100ರಲ್ಲಿ ಟೈಗರ್ಸ್ ಬಂದರು.

ಹಗಲಿನ ಪಂದ್ಯಗಳಿಗೆ ಅದ್ಭುತ. ರಾತ್ರಿಯಾದರೆ ಇನ್ನೊಂದು ರಗಳೆ. ಸರಿಯಾಗಿ 1000ದಲ್ಲೇ ಷಿಕಾಗೋದ 50 ಕಿಲೋವಾಟಿನ ಸ್ಟೇಷನ್ ಕೂತಿದೆ. ನನ್ನ ಆಸಿಲೇಟರ್ ಸಾವಿರಕ್ಕೆ ಕೆಲವು ಹತ್ತು ಹರ್ಟ್ಸಿನಷ್ಟು ಆಚೀಚೆ, ಎರಡೂ ಸೇರಿ ಕೆಳಗಡೆ ಗುರ್ರ್ ಎಂದು ಬೆಕ್ಕು ಮಲಗಿದ ಹಾಗೆ. ಬೇರೆ ಫ್ರೀಕ್ವೆನ್ಸಿಗೆ ಹೊಂದಿಸಬಹುದಾದ ಸಿಂಥಸೈಜರ್ ಮಾಡ್ಯೂಲ್ ತರಿಸಿದ್ದೇನೆ, ಇನ್ನೂ ಹಾಕಿಲ್ಲ.

ಹಾಕದಿದ್ದಕ್ಕೆ ಸೋಮಾರಿತನವೇ ಕಾರಣ. ಜುಲೈನಲ್ಲಿ ಒಂದು ಸಂಜೆ ಹೊಸ ಬೋರ್ಡು ಹಿಡಿದುಕೊಂಡೇ ಹೋಗಿದ್ದೆ. ಡೆಟ್ರಾಯಿಟ್‌ನಲ್ಲೇ ಪಂದ್ಯ, ನಾಲ್ಕನೆಯ ಇನ್ನಿಂಗ್ಸ್. ರೇಡಿಯೋದಲ್ಲಿ ಚಟ್, ಚಟ್ ಎಂದು ಎಣ್ಣೆಗೆ ಸಾಸಿವೆ ಬಿದ್ದ ಸದ್ದು ಶುರುವಾಯಿತು. ಬೆಸುಗೆ ಎಲ್ಲೋ ಬಿಟ್ಟಿದೆ ಎಂದು ನಾನು ಏಳುವಷ್ಟರಲ್ಲಿ ಯಜಮಾನರು ಕೈ ತೋರಿಸಿ ಕೂರಿಸಿದರು. "ಮಿಂಚು. ಜಾಕ್ಸನ್ ಕಡೆಯಿಂದ ಬರುತ್ತಿದೆ." ಕಿಟಕಿಯಾಚೆ ಆಕಾಶ ಇನ್ನೂ ತಿಳಿಯಾಗಿತ್ತು. ಚಟಪಟ ಹೆಚ್ಚುತ್ತ ಬಂತು. ಎದ್ದು ಹೊರಗೆ ಹೋಗಿ ಒಣಹಾಕಿದ ಬಟ್ಟೆ ತಂದರು. ಕಾಲು ಗಂಟೆಗೆ ನಮ್ಮ ಮೇಲೆ ಧೋ ಎಂದು ಸುರಿಯಿತು. ಗುಡುಗು ಹತ್ತಿರವಾದಾಗ ರೇಡಿಯೋದ ಪ್ಲಗ್ ಕೀಳಿಸಿದೆ. ಅವರು ಒಲ್ಲದ ಮನಸ್ಸಿನಿಂದ ಜೇಬಿನ ಎಫ್‌ಎಂ ಎತ್ತಿಕೊಂಡರು.

ಇಲ್ಲಿಯ ಮಳೆ ಪಶ್ಚಿಮದಿಂದ ಪೂರ್ವಕ್ಕೆ ಹೋಗುವುದು. ಡೆಟ್ರಾಯಿಟ್ ತಲುಪಲು ಇನ್ನೂ ಹೊತ್ತಿದೆ. ಅಲ್ಲಿ ಕಾಮೆಂಟೇಟರು ಎಷ್ಟು ಒಳ್ಳೆಯ ಸಂಜೆ ಎಂದು ಹೇಳುತ್ತಿದ್ದರು. ಯಜಮಾನರು ರೇಡಿಯೋವನ್ನು ಬಾಯಿಯ ಹತ್ತಿರ ಹಿಡಿದುಕೊಂಡು, "ಟಾರ್ಪಾಲು ತರಿಸಿರಪ್ಪಾ, ಟಾರ್ಪಾಲು!" ಎಂದು ಅವರಿಗೆ ಕೂಗಿ ಹೇಳುತ್ತಿದ್ದರು.